ಸೆಣಬು, ಗೋಣಿ ಎಂಬ ಶಬ್ದಗಳ ವಿಚಾರ

ಕನ್ನಡದ ‘ಸೆಣಬು’ ಎಂಬ ಶಬ್ದವನ್ನು ಸಂಸ್ಕೃತದ ‘ಶಣ’ ಶಬ್ದದ ತದ್ಭವವೆಂದು ಹೇಳಿ ಅಷ್ಟಕ್ಕೇ ತೃಪ್ತಿಪಡುವುದು ವಾಡಿಕೆಯಾಗಿದೆ. ಅರ್ಥವೂ ಒಂದೇ, ಮೊದಲೆರಡು ಅಕ್ಷರಗಳ ಹೋಲಿಕೆಯೂ ಸ್ಪಷ್ಟ. ಆದುದರಿಂದ ಮೇಲ್ನೋಟಕ್ಕೆ ಇದರಲ್ಲಿ ವಿವಾದಕ್ಕೆ ಎಡೆಯಿಲ್ಲವೆಂದೇ ತೋರುತ್ತದೆ. ಆದರೆ ಶಬ್ದದ ಮೂಲವನ್ನು ಅದರ ಪ್ರಥಮಾ ರೂಪವೊಂದರಿಂದಲೇ ನಿರ್ಣಯಿಸುವುದು ಸಾಲದು. ವಿಭಕ್ತಿ ಹತ್ತಿದಾಗ ಅದು ಹೇಗೆ ನಡೆದುಕೊಳ್ಳುತ್ತದೆಂಬುದನ್ನೂ ನೋಡಬೇಕು. ಸಂಸ್ಕೃತದ ಅಕಾರಾಂತ ನಪುಂಸಕ ಶಬ್ದಗಳು ಕನ್ನಡಕ್ಕೆ ಬಂದಾಗ ಅಕಾರಾಂತವಾಗಿಯೇ ಉಳಿಯುವುದು ಸಾಮಾನ್ಯ ನಿಯಮ. ‘ಆಕಾಶ’ವು ‘ಆಗಸ’ವಾದರೂ ಅದರ ಷಷ್ಠಿ ‘ಆಗಸದ’, ಚತುರ್ಥಿ ‘ಆಗಸಕ್ಕೆ’. ‘ಶಣ’ವೂ ಹಾಗೆಯೇ ಬಂದಿದ್ದರೆ ‘ಸಣ, ಸಣದ, ಸಣಕ್ಕೆ’ ಎಂದಾಗಬೇಕಾಗಿತ್ತು. ಲೋಕದಲ್ಲಿ ಬಳಕೆಯಿರುವುದು ‘ಸೆಣಬು, ಸೆಣಬಿನ, ಸೆಣಬಿಗೆ’ ಎಂಬ ರೂಪಗಳು. ಕೊನೆಯ ‘ಬು’ ಎಲ್ಲಿಂದ ಬಂದಿತು? ‘ಇನ್’ ಆಗಮವನ್ನು ಪಡೆಯುವ ಉಕಾರಾಂತಗಳ ಪಂಕ್ತಿಗೆ ಈ ಶಬ್ದವು ಹೇಗೆ ಸೇರಿತು? ಪ್ರಕೃತ ವಿಚಾರಕ್ಕೆ ಮೂಲವಾದ ಪ್ರಶ್ನೆ ಇದು.

ಮೊದಲು ‘ಶಣ’ದ ಪ್ರಾಚೀನತೆಯನ್ನು ನೋಡಬಹುದು. ಅಥರ್ವವೇದದ ಎರಡನೆಯ ಕಾಂಡದಲ್ಲಿ ಜಂಗಿಡವೆಂಬ ರಕ್ಷೆಯ ಮಣಿಯೊಡನೆ ಶಣದ ಹೆಸರೂ ಬರುತ್ತದೆ. ಅಲ್ಲಿ ಎರಡರಲ್ಲಿ ಒಂದನ್ನು ಅರಣ್ಯದಿಂದ ತಂದದ್ದೆಂದೂ ಮತ್ತೊಂದನ್ನು ಕೃಷಿಯಿಂದ ಪಡೆದದ್ದೆಂದೂ ಹೇಳಿರುವುದರಿಂದ, ಆ ಕಾಲಕ್ಕಾಗಲೇ ಶಣವು ಉತ್ತು ಬಿತ್ತುವ ಬೆಳೆಯಾಗಿದ್ದಿತೆಂದು ಊಹಿಸುವುದು ಸಮಂಜಸ. ಮನುಸ್ಮೃತಿಯು ಬ್ರಾಹ್ಮಣನ ಉಪವೀತಕ್ಕೆ ಹತ್ತಿಯನ್ನೂ, ಕ್ಷತ್ರಿಯನಿಗೆ ಶಣದ ನೂಲನ್ನೂ, ವೈಶ್ಯನಿಗೆ ಉಣ್ಣೆಯನ್ನೂ ವಿಧಿಸುತ್ತದೆ. ಬೌದ್ಧರ ವಿನಯಪಿಟಕವು ಭಿಕ್ಷುಗಳ ಚೀವರಕ್ಕೆ ಸಮ್ಮತವೆಂದು ಹೇಳುವ ಆರು ಬಗೆಯ ಬಟ್ಟೆಗಳಲ್ಲಿ ‘ಸಾಣ’ವೂ ‘ಭಂಗ’ವೂ ಬೇರೆ ಬೇರೆಯಾಗಿ ಎಣಿಕೆಗೊಂಡಿವೆ. ಇದು ಗಮನಿಸಬೇಕಾದ ಸಂಗತಿ; ಏಕೆಂದರೆ ಶಣವನ್ನು ಭಂಗಿಯ ಗಿಡವೆಂದೇ ಅನುವಾದಿಸುವವರು ಉಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನು ನೂಲಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಉಣ್ಣೆ, ವಲ್ಕ, ಹತ್ತಿ, ತೂಲ, ಕ್ಷೌಮಗಳ ಜೊತೆಗೆ ಶಣವೂ ಸೇರಿದೆ. ಆ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕಂಡುಹಿಡಿದು 1909ರಲ್ಲಿ ಮುದ್ರಿಸಿದ ಆರ್. ಶಾಮಶಾಸ್ತ್ರಿಗಳ ಉಪಕಾರವನ್ನು ಇಂತಹ ಸಣ್ಣ ವಿಷಯಗಳಲ್ಲಿಯೂ ಸ್ಮರಿಸಬೇಕಾಗುತ್ತದೆ.

ಹೀಗೆ ಶಣವು ಆರ್ಯಭಾಷೆಗಳಲ್ಲಿ ಬಹುಪ್ರಾಚೀನವಾದುದು. ಅದರ ಆದಿಯ ಶಕಾರವು ಪ್ರಾಂತ ಪ್ರಾಂತಕ್ಕೂ ಬೇರೆ ಬೇರೆ ಗತಿಯನ್ನು ಪಡೆದಿದೆ. ಬಂಗಾಳಿಯಲ್ಲಿ ಬರಹದ ಶ, ಷ, ಸ ಮೂರೂ ಬಹುಮಟ್ಟಿಗೆ ಶಕಾರವಾಗಿಯೇ ಉಚ್ಚಾರಗೊಳ್ಳುವುದರಿಂದ ಅಲ್ಲಿ ‘ಶೊಣ್’ ಎಂಬಂತೆ ಕೇಳಿಸುತ್ತದೆ. ಅಸ್ಸಾಮಿಯಲ್ಲಿ ಅದೇ ಅಕ್ಷರವು ಹಕಾರಕ್ಕೂ ಖಕಾರಕ್ಕೂ ನಡುವಣದಾದ ಒಂದು ಕಂಠ್ಯಧ್ವನಿಯಾಗಿ ಮಾರ್ಪಟ್ಟಿದೆ. ಆ ಭಾಷೆಯನ್ನು ನೆರೆಯ ಬಂಗಾಳಿಯಿಂದ ಕಿವಿಯಲ್ಲಿಯೇ ಬೇರ್ಪಡಿಸುವ ಗುರುತು ಇದು. ಹಿಂದಿಯಲ್ಲಿ ‘ಸನ್’, ಇಂಗ್ಲಿಷರು ಈ ನಾರಿಗೆ ಇಟ್ಟ ಹೆಸರು ಇದರಿಂದಲೇ ಹುಟ್ಟಿತು. ಕನ್ನಡದಲ್ಲಿ ಶಕಾರ ಷಕಾರಗಳು ತದ್ಭವದಲ್ಲಿ ಸಕಾರವಾಗುವುದನ್ನು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ನಿರೂಪಿಸಿದ್ದಾನೆ. ಆದುದರಿಂದ ‘ಸ’ ಎಂಬಲ್ಲಿಯವರೆಗೆ ತೊಡಕಿಲ್ಲ. ‘ಸಣಬು’ ಎಂಬುದು ‘ಸೆಣಬು’ ಆದದ್ದೂ ‘ಚಲುವ–ಚೆಲುವ’, ‘ಚಂಡು–ಚೆಂಡು’ ಎಂಬಲ್ಲಿ ಕಾಣುವ ಸ್ವರಭೇದವೇ. ತೊಡಕಿರುವುದು ಬಾಲದಲ್ಲಿ.

ಈ ಬಾಲದ ಗುಟ್ಟನ್ನು ಬಿಡಿಸಲು ನೆರೆಯ ದ್ರಾವಿಡ ಭಾಷೆಗಳು ನೆರವಾಗುತ್ತವೆ. ತಮಿಳಿನಲ್ಲಿ ‘ಚಣಂಪು’, ‘ಚಣಪ್ಪು’, ‘ಚಣಲ್’ ಎಂಬ ರೂಪಗಳಿವೆ. ತಮಿಳಿನ ಮೂರಕ್ಷರದ ಶಬ್ದಗಳ ಕೊನೆಯಲ್ಲಿ ‘ಂಪು’ ಇರುವ ಕಡೆ ಕನ್ನಡದಲ್ಲಿ ಅನುನಾಸಿಕವು ಲೋಪವಾಗಿ ‘ಬು’ ಮಾತ್ರ ಉಳಿಯುವುದನ್ನು ಎಷ್ಟೋ ಶಬ್ದಗಳಲ್ಲಿ ಕಾಣಬಹುದು. ತಮಿಳಿನ ‘ಕರುಂಪು’ ಕನ್ನಡದಲ್ಲಿ ‘ಕರ್ಬು’ ಆಗಿ ‘ಕಬ್ಬು’ ಆಯಿತು. ‘ಎಲುಂಪು’ ಎಂಬುದಕ್ಕೆ ಕನ್ನಡದಲ್ಲಿ ‘ಎಲುಬು’. ‘ಮರುಂದು’ ಎಂಬುದು ‘ಮರ್ದು’, ‘ಮದ್ದು’ ಎಂದಾದುದೂ ಇದೇ ದಾರಿಯಲ್ಲಿ. ಹಾಗಾದರೆ ‘ಚಣಂಪು’ವಿಗೂ ‘ಸಣಬು’ವಿಗೂ ಇರುವ ಸಂಬಂಧವು ‘ಎಲುಂಪು’ವಿಗೂ ‘ಎಲುಬು’ವಿಗೂ ಇರುವ ಸಂಬಂಧವೇ ಆಗಿದೆ.

ತೆಲುಗಿನ ಸಾಕ್ಷ್ಯವು ಇದಕ್ಕಿಂತ ಬೆಲೆಯುಳ್ಳದ್ದು. ಅಲ್ಲಿ ಈ ಗಿಡದ ಹೆಸರು ‘ಜನುಮು’. ಇದನ್ನು ಕಂಡೊಡನೆ ‘ವೃಕ್ಷಮು’, ‘ಫಲಮು’ ಎಂಬಂತೆ ಸಂಸ್ಕೃತ ಶಬ್ದಕ್ಕೆ ತೆಲುಗಿನ ‘ಮು’ವರ್ಣಕವು ಹತ್ತಿರುವುದೆಂದು ಯಾರಾದರೂ ಭ್ರಮಿಸಬಹುದು. ಆದರೆ ನಾರು ಎಂಬ ಮಾತು ಮುಂದೆ ಬಂದಾಗ ತೆಲುಗರು ‘ಜನುಪನಾರ’ ಅಥವಾ ‘ಜನಪನಾರ’ ಎನ್ನುತ್ತಾರೆ. ಸಂಸ್ಕೃತದಿಂದ ಬಂದ ‘ಮು’ಕಾರಾಂತಗಳಿಗೆ ಇಂತಹ ಪಕಾರವು ಬರುವುದಿಲ್ಲ, ‘ವೃಕ್ಷಮು’ ಎಂಬುದರ ಷಷ್ಠಿ ‘ವೃಕ್ಷಪು’ ಎಂದು ಕಾವ್ಯದಲ್ಲಿ ಸಮಾಸಮುಖದಿಂದ ಬರಬಹುದಾದರೂ ‘ವೃಕ್ಷಪ’ ಎಂದಾಗದು. ‘ಪ’ಕಾರವನ್ನು ಪಡೆಯುವ ಪ್ರಸಿದ್ಧವಾದ ದೇಶ್ಯ ಶಬ್ದವೆಂದರೆ ‘ಇನುಮು’, ಅರ್ಥಾತ್ ಕಬ್ಬಿಣ. ಅದು ‘ಇನುಪ ಪೆಟ್ಟೆ’ ಮುಂತಾದ ಕಡೆಗಳಲ್ಲಿ ‘ಇನುಪ’ ಆಗುತ್ತದೆ. ಆ ‘ಇನುಮು’ವಿಗೆ ತಮಿಳಿನ ಪ್ರತಿರೂಪ ‘ಇರುಂಪು’. ಎಂದರೆ ತೆಲುಗಿನ ಪ್ರಥಮೆಯಲ್ಲಿ ಮಕಾರವೂ ಇತರ ಕಡೆಗಳಲ್ಲಿ ಪಕಾರವೂ ಕಾಣಿಸುವುದು ಮೂಲದ ‘ಂಪ್’ ಎಂಬ ಸಂಯುಕ್ತವು ಎರಡು ಕವಲಾಗಿ ಒಡೆದುದರ ಫಲ. ‘ಇರುಂಪು’ ಎಂಬುದಕ್ಕೆ ‘ಇನುಮು–ಇನುಪ’ ಹೇಗೋ ಹಾಗೆಯೇ ‘ಚಣಂಪು’ ಎಂಬುದಕ್ಕೆ ‘ಜನುಮು–ಜನುಪ’. ಪ್ರಥಮಾ ವಿಭಕ್ತಿಯು ಮರೆಸಿದುದನ್ನು ಷಷ್ಠಿಯು ಉಳಿಸಿಕೊಂಡು ಬಂದಿದೆ.

ಇಷ್ಟರಿಂದ ದಕ್ಷಿಣದ ಮೂರು ಭಾಷೆಗಳಲ್ಲಿಯೂ ಈ ಶಬ್ದವು ‘ಂಪು’ ಎಂಬ ಅಂತ್ಯವನ್ನು ಹೊಂದಿದ್ದಿತೆಂಬುದು ವಿದಿತವಾಗುತ್ತದೆ. ಮುಂದಿನ ಪ್ರಶ್ನೆ: ದ್ರಾವಿಡ ಶಬ್ದವೇ ಮೂಲವಾಗಿ, ಸಂಸ್ಕೃತವು ಅದರ ಬಾಲವನ್ನು ಕತ್ತರಿಸಿ ‘ಶಣ’ ಎಂದು ಮಾಡಿಕೊಂಡಿತೇ? ಋಕಾರ ರೇಫ ಷಕಾರಗಳ ಸಹವಾಸವಿಲ್ಲದೆಯೇ ಶಣದಲ್ಲಿ ಮೂರ್ಧನ್ಯ ಣಕಾರವಿರುವುದು ಸಂಶಯಕ್ಕೆ ಕಾರಣವಾಗುವುದು ನಿಜ. ಸ್ವಭಾಷಾಭಿಮಾನಿಗಳಿಗೆ ಈ ಪಕ್ಷವು ರುಚಿಸಲೂ ಬಹುದು. ಆದರೆ ತೆಲುಗಿನ ಆದಿಯ ಜಕಾರವು ಇದಕ್ಕೆ ಅಡ್ಡಬರುತ್ತದೆ. ತಮಿಳಿನ ಚಕಾರಕ್ಕೂ ಕನ್ನಡದ ಸಕಾರಕ್ಕೂ ತೆಲುಗಿನಲ್ಲಿ ಜಕಾರವು ಪ್ರತಿಯಾಗಿ ನಿಲ್ಲುವುದು ದೇಶ್ಯಶಬ್ದಗಳಲ್ಲಿ ಕ್ರಮಬದ್ಧವಾದುದಲ್ಲ. ಎರವಲು ಬಂದ ಶಬ್ದಗಳಲ್ಲಿಯೇ ಇಂತಹ ಕ್ರಮಭಂಗವು ಹೆಚ್ಚು. ಅಲ್ಲದೆ ಬಾಲವನ್ನು ಕಳೆದುಕೊಂಡ ‘ಚಣ’ವೆಂಬ ದೇಶ್ಯ ಧಾತುವಿಗೆ ಈ ಗಿಡದೊಡನೆ ಸಂಬಂಧಿಸುವ ಅರ್ಥವೊಂದು ದ್ರಾವಿಡದಲ್ಲಿ ದೊರೆಯದು. ಆದುದರಿಂದ ಉತ್ತರದಿಂದ ಬಂದ ‘ಶಣ’ಕ್ಕೆ ದಕ್ಷಿಣದವರು ‘ಕರುಂಬು’ ಮುಂತಾದ ಗಿಡದ ಹೆಸರುಗಳ ಸಾದೃಶ್ಯದಿಂದ ತಮ್ಮ ಪ್ರತ್ಯಯವನ್ನು ಹತ್ತಿಸಿದರೆಂಬುದೇ ಬಲವಾದ ಪಕ್ಷ. ಶಬ್ದವು ಹೊರಗಿನದು, ವಿಭಕ್ತಿಗೆ ಒಗ್ಗಿದ ಮೈ ಮನೆಯದು. ತದ್ಭವವೆಂದು ಹೇಳುವವರು ಅರ್ಧ ಸತ್ಯವನ್ನು ಹೇಳಿದ್ದಾರೆ.

ಇಲ್ಲಿ ಇನ್ನೊಂದು ಸಂಗತಿಯು ಗಮನಾರ್ಹ. ಗಿಡದ ಹೆಸರು ಎರವಲಾದರೂ ಕೆಲಸದ ಮಾತುಗಳೆಲ್ಲ ಅಚ್ಚಗನ್ನಡದವು. ನಾರು, ನೂಲು, ನುಲಿ, ಹೊಸೆ, ಹೆಣೆ, ನೇಯ್ ಇವುಗಳಲ್ಲಿ ಒಂದೂ ಉತ್ತರದ್ದಲ್ಲ. 12ನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನೆಂಬಾತನು ಹೊಡಕೆಯ ಹುಲ್ಲನ್ನು ಕೊಯ್ದು ತಂದು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದನು. ಆತನ ಹೆಸರಿಗೆ ಅಂಟಿದುದು ಹುಲ್ಲಿನ ಹೆಸರಲ್ಲ, ನುಲಿಯುವ ಕ್ರಿಯೆಯ ಹೆಸರು. ಸೆಣಬು ಈ ನಾಡಿಗೆ ಬರುವ ಮುನ್ನವೇ ಹಗ್ಗದ ಕಸುಬು ಇಲ್ಲಿ ಬೇರೂರಿದ್ದಿತೆಂದು ಈ ಶಬ್ದವರ್ಗವು ಸೂಚಿಸುತ್ತದೆ. (‘ಹಗ್ಗ’ವನ್ನು ಮಾತ್ರ ‘ಪ್ರಗ್ರಹ’ದ ತದ್ಭವವೆಂದು ಹೇಳುವುದುಂಟು, ‘ಮಿಣಿ’ಗೆ ಅಂತಹ ಹಂಗಿಲ್ಲ.)

ಉತ್ತರ ಕರ್ನಾಟಕದ ‘ಪುಂಡಿ’ಯದು ಬೇರೊಂದು ಕಥೆ. ಇದರ ಸೊಪ್ಪು ಜೋಳದ ರೊಟ್ಟಿಗೆ ಪಲ್ಯವಾಗುತ್ತದೆ, ಇದೇ ಕುಲದ ಗಿಡದ ತೊಗಟೆಯು ಹಗ್ಗಕ್ಕೆ ನಾರಾಗುತ್ತದೆ. ಹಳಗನ್ನಡದ ಆದಿಯ ಪಕಾರವು ನಡುಗನ್ನಡದಲ್ಲಿ ಹಕಾರವಾದುದು ಸರ್ವವಿದಿತ. ‘ಪತ್ತಿ’ಯು ‘ಹತ್ತಿ’ಯಾಯಿತು, ‘ಪುಲ್’ ‘ಹುಲ್ಲು’ ಆಯಿತು. ‘ಪುಂಡಿ’ಯು ಮಾತ್ರ ‘ಹುಂಡಿ’ಯಾಗಲಿಲ್ಲ. ತೆಲಂಗಾಣದಲ್ಲಿ ಇದೇ ಸೊಪ್ಪಿಗೆ ‘ಪುಂಟಿಕೂರ’ ಎಂಬ ಹೆಸರಿರುವುದನ್ನು ನೋಡಿದರೆ, ಗಡಿಯ ಆಚೆಯ ಮಾತಿನ ಬಲವು ಈಚೆಯ ಪಕಾರವನ್ನು ಕಾಪಾಡಿತೆಂದೋ, ಪಕಾರ ಹಕಾರವಾದ ಮೇಲೆ ಶಬ್ದವು ಈಚೆಗೆ ಬಂದಿತೆಂದೋ ಹೇಳಬೇಕಾಗುತ್ತದೆ. ಕರಾವಳಿಯ ಓದುಗರಿಗೆ ಪುಂಡಿ ಎಂದರೆ ಅಕ್ಕಿಯ ಕಡುಬು ನೆನಪಾಗುವುದು ಸಹಜ. ಅದು ಬೇರೆ ಶಬ್ದ.

ಇನ್ನು ‘ಗೋಣಿ’. ಇದರ ಪ್ರಾಚೀನತೆಗೆ ಪಾಣಿನಿಯೇ ಸಾಕ್ಷಿ. ಅಷ್ಟಾಧ್ಯಾಯಿಯಲ್ಲಿ ಈ ಶಬ್ದವು ಮೂರು ಕಡೆ ವಿಧಿಗೆ ವಿಷಯವಾಗಿದೆ. ನಾಲ್ಕನೆಯ ಅಧ್ಯಾಯದಲ್ಲಿ ಧಾನ್ಯವನ್ನು ತುಂಬುವ ಚೀಲವೆಂಬ ಅರ್ಥದಲ್ಲಿ ‘ಗೋಣ’ ಶಬ್ದಕ್ಕೆ ಸ್ತ್ರೀಪ್ರತ್ಯಯವು ವಿಹಿತವಾಗಿದೆ. ಐದನೆಯದರಲ್ಲಿ ಚಿಕ್ಕ ಗೋಣಿಗೆ ‘ಗೋಣೀತರೀ’ ಎಂಬ ರೂಪವನ್ನು ಸಾಧಿಸಿದೆ. ಮೊದಲನೆಯದರಲ್ಲಿ ಐದು ಗೋಣಿಗಳಿಗೆ ಕೊಂಡ ವಸ್ತುವನ್ನು ಹೇಳುವಾಗ ಕೊನೆಯ ದೀರ್ಘವು ಹ್ರಸ್ವವಾಗಬೇಕೆಂದು ನಿಯಮಿಸಿದೆ. ಗೋಣಿಯು ಬರಿಯ ಚೀಲವಾಗಿರದೆ ಕ್ರಯವಿಕ್ರಯದ ಅಳತೆಯೂ ಆಗಿದ್ದಿತೆಂದು ಇದರಿಂದ ತಿಳಿಯುತ್ತದೆ. ಆ ಹ್ರಸ್ವಕ್ಕಾಗಿ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಡಬೇಕಾಯಿತು. ಕನ್ನಡದಲ್ಲಿ ‘ನದೀ’ ಶಬ್ದವು ‘ನದಿ’ಯಾಗುವಂತೆ ‘ಗೋಣೀ’ ಶಬ್ದವು ತಾನಾಗಿಯೇ ‘ಗೋಣಿ’ಯಾಯಿತು. ಇದು ಇಕಾರಾಂತವಾದ ಕಾರಣ ‘ಸೆಣಬಿನ’ ಎಂಬಲ್ಲಿಯ ‘ಇನ್’ ಇದಕ್ಕೆ ಬೇಡ. ಯಕಾರಾಗಮದಿಂದ ‘ಗೋಣಿಯ’ ಎಂದಾಗುತ್ತದೆ.

ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ‘ಗೋ’ ಶಬ್ದದ ಅಪಭ್ರಂಶಗಳನ್ನು ಎಣಿಸುವಾಗ ‘ಗಾವೀ’, ‘ಗೋತಾ’ ಮೊದಲಾದವುಗಳೊಡನೆ ‘ಗೋಣೀ’ ಎಂಬುದನ್ನೂ ಹೇಳುತ್ತಾನೆ. ಅಲ್ಲಿ ಅದರ ಅರ್ಥ ಹಸು. ಪ್ರಾಕೃತದಲ್ಲಿಯೂ ‘ಗೋಣ’ವೆಂದರೆ ಎತ್ತು. ಎತ್ತಿನ ಬೆನ್ನಿನ ಮೇಲೆ ಹೇರುವ ಚೀಲಕ್ಕೆ ಎತ್ತಿನ ಹೆಸರೇ ಬಂದಿತೆಂಬ ಊಹೆ ಆಕರ್ಷಕವಾದುದು, ಹೇರೆತ್ತುಗಳ ಸಾಲನ್ನು ಕಂಡವರಿಗೆ ಇನ್ನೂ ಆಕರ್ಷಕವಾದುದು. ಆದರೆ ಆಕರ್ಷಣೆಯು ಪ್ರಮಾಣವಲ್ಲ. ಚೀಲದ ಗೋಣಿಯು ಪಾಣಿನಿಗೆ ಸಾಧುಶಬ್ದ, ಹಸುವಿನ ಗೋಣಿಯು ಪತಂಜಲಿಗೆ ಅಸಾಧುಶಬ್ದ ಎಂಬ ಭೇದವನ್ನು ಮರೆಯಬಾರದು. ಕನ್ನಡದಲ್ಲಿಯಂತೂ ಈ ಸದ್ದಿನ ಶಬ್ದಗಳು ಇನ್ನೂ ಇವೆ: ಆಲದ ಜಾತಿಯ ಗೋಣಿಮರ, ಅಡುಗೆಗೆ ಬರುವ ಗೋಣಿಸೊಪ್ಪು, ಕತ್ತಿನ ಅರ್ಥದ ಗೋಣು. ಗೋಣಿಕೊಪ್ಪ, ಗೋಣಿಬೀಡುಗಳಂತಹ ಊರ ಹೆಸರುಗಳಲ್ಲಿ ಚೀಲವನ್ನು ಹುಡುಕುವ ಮೊದಲು ಮರವನ್ನು ಹುಡುಕುವುದು ಕ್ಷೇಮ.

‘ಗೋಣಿ’ಯ ಅರ್ಥವು ಕನ್ನಡದಲ್ಲಿ ಚೀಲದಿಂದ ಚೀಲದ ಬಟ್ಟೆಗೆ ಸರಿಯಿತು. ‘ಗೋಣಿಚೀಲ’ ಎಂಬ ಸಮಾಸವು ಅದಕ್ಕೆ ನಿದರ್ಶನ; ಪಾಣಿನಿಯ ಅರ್ಥದಲ್ಲಿ ಇದು ‘ಚೀಲದ ಚೀಲ’ವಾಗುತ್ತದೆ. ‘ಗೋಣಿತಟ್ಟು’ ಎಂಬಲ್ಲಿಯೂ ಹಾಗೆಯೇ. ಈ ಬಟ್ಟೆಯನ್ನು ನೇಯುವವರಿಗೆ ‘ಇಗ’ ಪ್ರತ್ಯಯದಿಂದ ‘ಗೋಣಿಗ’ ಎಂಬ ಹೆಸರಾಯಿತು, ಗಾಣದಿಂದ ‘ಗಾಣಿಗ’ ಬಂದಂತೆ.

ಶಬ್ದಚರಿತ್ರೆಯು ಜನರ ಚರಿತ್ರೆಯಾಗುವುದು ಈ ಹಂತದಲ್ಲಿ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿ ಬೆಂಗಳೂರಿನ ಸುತ್ತಣ ಬೆಳೆಗಳನ್ನೂ ಕಸುಬುಗಳನ್ನೂ ವಿವರವಾಗಿ ಬರೆದಿಟ್ಟನು. ಆ ಗ್ರಂಥವು 1807ರಲ್ಲಿ ಅಚ್ಚಾಯಿತು. ಗೋಣಿಯ ಬಟ್ಟೆಗೆ ನಾರನ್ನು ಕೊಡುವ ಗಿಡವನ್ನು ಅವನು ‘ಜನುಪ’ವೆಂಬ ಹೆಸರಿನಿಂದ ದಾಖಲಿಸಿ, ಅದರ ಸಸ್ಯಶಾಸ್ತ್ರದ ಹೆಸರು ಕ್ರೋಟಲೇರಿಯ ಜಂಸಿಯ ಎಂದು ಗುರುತಿಸಿದ್ದಾನೆ. ಕನ್ನಡ ನಾಡಿನ ನಡುವೆ ಅವನ ಕಿವಿಗೆ ಬಿದ್ದುದು ಸೆಣಬು ಅಲ್ಲ, ತೆಲುಗಿನ ‘ಜನುಪ’. ಅದೂ ಪ್ರಥಮೆಯ ‘ಜನುಮು’ ಅಲ್ಲ, ಷಷ್ಠಿಯ ರೂಪ. ನಾರನ್ನು ಕುರಿತು ಕೇಳಿದವನಿಗೆ ‘ಜನುಪನಾರ’ ಎಂಬ ಉತ್ತರ ಬಂದಿದ್ದರೆ ಅದು ಸಹಜವೇ. ಬೆಂಗಳೂರಿನ ಕಸುಬುದಾರರಲ್ಲಿ ತೆಲುಗು ಎಷ್ಟು ಹರಡಿದ್ದಿತೆಂಬುದಕ್ಕೆ ಈ ಒಂದು ವಿಭಕ್ತಿರೂಪವೇ ಕುರುಹಾಗಿದೆ.

ಅದೇ ಷಷ್ಠಿಯ ರೂಪವು ಒಂದು ಜಾತಿಯ ಹೆಸರೂ ಆಯಿತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಮೈಸೂರು ಸೀಮೆಯ ‘ಗೋಣಿಗ’ರು ಗೋಣಿ ನೇಯುವವರೆಂದೂ, ಬೇಸಾಯ ಮಾಡುವವರೆಂದೂ, ಬೆಂಗಳೂರಿನಲ್ಲಿ ಧಾನ್ಯದ ಮೂಟೆ ಹೊರುವವರೆಂದೂ ಹೇಳಿದೆ. ಅದೇ ಸಂಪುಟದಲ್ಲಿ ಮುಂದೆ ‘ಜನಪ್ಪನ್’ ಎಂಬವರು ಬರುತ್ತಾರೆ. ಇವರು ಮೊದಲು ಬಲಿಜರ ಒಂದು ಪಂಗಡವಾಗಿದ್ದು, ಜನಪದ ನಾರಿನಿಂದ ಗೋಣಿಚೀಲಗಳನ್ನು ಮಾಡುತ್ತಿದ್ದುದರಿಂದ ಈ ಹೆಸರನ್ನು ಪಡೆದರೆಂದು ಡಬ್ಲ್ಯೂ. ಫ್ರಾನ್ಸಿಸನ ಅಭಿಪ್ರಾಯ. ತಮಿಳಿನಲ್ಲಿ ಅವರಿಗೇ ‘ಸಲುಪ್ಪ ಸೆಟ್ಟಿ’ಗಳೆಂದು ಹೆಸರು. ‘ಚಣಪ್ಪು’ವಿನ ಣಕಾರವು ಲಕಾರವಾಗಿ ‘ಸಲುಪ್ಪ’ನು ಹುಟ್ಟಿದನು. ಹೀಗೆ ಒಂದೇ ಗಿಡ, ಒಂದೇ ಕಸುಬು. ಹೆಸರು ಮಾತ್ರ ಒಂದು ಕಡೆ ನೇಯ್ದ ಬಟ್ಟೆಯಿಂದ, ಮತ್ತೊಂದು ಕಡೆ ತೆಲುಗಿನ ಷಷ್ಠಿಯಿಂದ, ಮಗದೊಂದು ಕಡೆ ತಮಿಳಿನ ಅಪಭ್ರಂಶದಿಂದ. ಅಕ್ಷರಾನುಕ್ರಮದಲ್ಲಿ ಜನರನ್ನು ಜೋಡಿಸಿದ ಗ್ರಂಥದಲ್ಲಿ ಅವರು ದೂರ ದೂರದ ಪುಟಗಳಿಗೆ ಹಂಚಿಹೋದರು. ಕಸುಬಿನ ಹೆಸರು ಒಂದೇ ಆದ ಮಾತ್ರಕ್ಕೆ ವಂಶವೂ ಒಂದೇ ಎಂದು ಸಾಧಿಸಿದಂತಾಗಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ಜನರೇ ಬೇರೆ ಎಂದು ಎಣಿಸುವ ಕ್ರಮವು ಅದಕ್ಕಿಂತ ಹೆಚ್ಚಿನ ದೋಷ.

ಈ ಹೆಸರನ್ನು ತಪ್ಪಾಗಿ ಬಿಡಿಸಲು ಕನ್ನಡದಲ್ಲಿ ಅವಕಾಶಗಳು ಹೇರಳ. ‘ಜನಪ್ಪ’ ಎಂಬಲ್ಲಿ ತಂದೆಯ ಅರ್ಥದ ‘ಅಪ್ಪ’ವನ್ನು ಕಾಣುವುದು ಸುಲಭ, ‘ಜನಪ’ವೆಂದರೆ ಸಂಸ್ಕೃತದಲ್ಲಿ ಜನರನ್ನು ಪಾಲಿಸುವವನು, ದೊರೆ. ಕಾವ್ಯಗಳನ್ನು ಓದಿದವರಿಗೆ ಮೊದಲು ಹೊಳೆಯುವುದು ಆ ಅರ್ಥವೇ. ಗೋಣಿ ನೇಯುವವನ ಹೆಸರೂ ದೊರೆಯ ಹೆಸರೂ ಒಂದೇ ಅಕ್ಷರಗಳಲ್ಲಿ ಕೂಡಿಬಂದುದು ಆಕಸ್ಮಿಕ.

ಈ ಕಸುಬಿಗೆ ಏಟು ಬಿದ್ದುದು ಬಂಗಾಳದಿಂದ. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿ ಪಟ್ಟಣದವರು ಬಂಗಾಳದ ನಾರನ್ನು ಯಂತ್ರದಲ್ಲಿ ನೂಲುವುದನ್ನು ಸಾಧಿಸಿದರು. 1855ರಲ್ಲಿ ಕಲ್ಕತ್ತೆಯ ಸಮೀಪದ ರಿಶ್ರಾದಲ್ಲಿ ನೂಲಿನ ಗಿರಣಿಯೂ, 1859ರಲ್ಲಿ ಬಾರಾನಗರದಲ್ಲಿ ಯಂತ್ರದ ಮಗ್ಗಗಳೂ ಬಂದವು. ಆ ನಾರು ಶಣದ್ದಲ್ಲ, ಕಾರ್ಕೋರಸ್ ಎಂಬ ಬೇರೆಯೇ ಕುಲದ ಗಿಡದ್ದು. ಬಂಗಾಳಿಗರು ಅದನ್ನು ‘ಪಾಟ್’ ಎನ್ನುತ್ತಾರೆ. ಇದು ಸಂಸ್ಕೃತದ ‘ಪಟ್ಟ’ ಶಬ್ದದಿಂದ ಬಂದುದು. ಅದೇ ಶಬ್ದವು ಕನ್ನಡದಲ್ಲಿ ‘ಪಟ್ಟೆ’ಯಾಗಿ ರ‍ೇಷ್ಮೆಯ ಅರ್ಥವನ್ನು ಕೊಡುತ್ತದೆ, ಪಟ್ಟೆಸೀರೆಯನ್ನು ಉಟ್ಟವರು ಬಂಗಾಳಕ್ಕೆ ಹೋಗಿ ಆ ಹೆಸರನ್ನೇ ಹೇಳಿದರೆ ಗೋಣಿಯ ನೆನಪಾದೀತು. ಅಸ್ಸಾಮಿಯಲ್ಲಿಯೂ ‘ಪಾಟ್’ ಎಂದರೆ ರ‍ೇಷ್ಮೆಯೇ. ಬಂಗಾಳದ ನಾರಿಗೆ ಅವರು ಒಂದು ವಿಶೇಷಣವನ್ನು ಸೇರಿಸಿ ‘ಮರಾಪಾಟ್’ ಎನ್ನುತ್ತಾರೆ. ಸುನೀತಿಕುಮಾರ ಚಟರ್ಜಿಯವರು 1926ರಲ್ಲಿ ಬಂಗಾಳಿಯನ್ನೂ ಬಾಣಿಕಾಂತ ಕಾಕತಿಯವರು 1941ರಲ್ಲಿ ಅಸ್ಸಾಮಿಯನ್ನೂ ಕುರಿತು ಬರೆದ ಮಹಾಗ್ರಂಥಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡುವವರಿಗೆ ಈ ಎರಡು ಸೋದರಭಾಷೆಗಳ ಸಾಮ್ಯವೈಷಮ್ಯಗಳು ಚೆನ್ನಾಗಿ ಮನಗಾಣುತ್ತವೆ. ಬಂಗಾಳಿಯ ಷಷ್ಠಿ ‘ಪಾಟೇರ್’, ಅಸ್ಸಾಮಿಯದು ‘ಪಾಟರ್’. ಸಪ್ತಮಿಯಲ್ಲಿ ಒಂದಕ್ಕೆ ‘ಪಾಟೇ’, ಇನ್ನೊಂದಕ್ಕೆ ‘ಪಾಟತ್’. ಪ್ರತ್ಯಯಗಳು ಬೇರೆಯಾದರೂ ಎರಡರಲ್ಲಿಯೂ ಪ್ರಕೃತಿಯು ಅಲುಗದೆ ನಿಲ್ಲುತ್ತದೆ. ತೆಲುಗಿನ ‘ಜನುಮು–ಜನುಪ’ದಂತಹ ಒಳಬದಲಾವಣೆಯಾಗಲಿ, ಕನ್ನಡದ ‘ಇನ್’ನಂತಹ ನಡುಗಂಟಾಗಲಿ ಅಲ್ಲಿ ಇಲ್ಲ. ಆದುದರಿಂದಲೇ ಪಾಟ್ ಶಬ್ದದ ಹಿಂದಿನ ಚರಿತ್ರೆಯನ್ನು ಅದರ ವಿಭಕ್ತಿಗಳಿಂದ ತಿಳಿಯುವಂತಿಲ್ಲ. ಅರ್ಥದ ದಾರಿಯಿಂದಲೇ ತಿಳಿಯಬೇಕು.

ಗಿರಣಿಯ ಅಗ್ಗದ ಚೀಲವು ಕೈಮಗ್ಗದ ಗೋಣಿಯನ್ನು ಸಂತೆಯಿಂದ ಹೊರಡಿಸಿತು. ಆದರೆ ಹೆಸರಿನ ಮಟ್ಟಿಗೆ ಸೋತವರೇ ಗೆದ್ದರು. ಬಂಗಾಳಿಯಲ್ಲಿ ಈ ಚೀಲಕ್ಕೆ ‘ಛಾಲಾ’, ‘ಬಸ್ತಾ’ ಎಂಬ ಹೆಸರುಗಳಿದ್ದರೂ ಲೋಕದ ವ್ಯಾಪಾರದಲ್ಲಿ ನಿಂತುದು ‘ಗೋಣಿ’ಯಿಂದ ಹುಟ್ಟಿದ ಇಂಗ್ಲಿಷಿನ ‘ಗನ್ನಿ’. ಇದನ್ನು 1886ರ ಹಾಬ್ಸನ್–ಜಾಬ್ಸನ್ ನಿಘಂಟಿನಲ್ಲಿಯೂ ಕಾಣಬಹುದು. ಕನ್ನಡದಲ್ಲಿ ಹೊಸ ನಾರಿಗೆ ಹೊಸ ಹೆಸರನ್ನು ಹುಡುಕುವ ಶ್ರಮವನ್ನು ಯಾರೂ ವಹಿಸಲಿಲ್ಲ. ‘ಸೆಣಬು’ ಎಂಬುದನ್ನೇ ಅದಕ್ಕೆ ಕೊಟ್ಟುಬಿಟ್ಟರು. ಇಂದು ಪಾಠಶಾಲೆಯ ಭೂಗೋಳದಲ್ಲಿ ಸೆಣಬು ಎಂದರೆ ಗಂಗೆಯ ಮುಖಜಭೂಮಿಯ ಬೆಳೆ. 1947ರ ದೇಶವಿಭಜನೆಯಲ್ಲಿ ಅದರ ಹೊಲಗಳು ಬಹುಪಾಲು ಪೂರ್ವಬಂಗಾಳಕ್ಕೂ ಗಿರಣಿಗಳು ಹೂಗ್ಲಿ ನದಿಯ ದಡದಲ್ಲಿಯೂ ಉಳಿದ ಸಂಗತಿಯನ್ನು ಓದುವ ಬಾಲಕನಿಗೆ, ಆ ಹೆಸರಿನ ಗಿಡವೊಂದು ತನ್ನ ಊರಿನ ಹೊಲದಲ್ಲಿಯೇ ಬೆಳೆಯುತ್ತಿದ್ದಿತೆಂಬುದು ತಿಳಿಯದು. ಹೊಲದ ಗಿಡವನ್ನು ಬೇರ್ಪಡಿಸಲು ‘ಅಪ್ಸೆಣಬು’ ಎನ್ನಬೇಕಾಗಿದೆ. ಅಸ್ಸಾಮಿನಲ್ಲಿ ಹೊರಗಿನಿಂದ ಬಂದ ಅರ್ಥಕ್ಕೆ ವಿಶೇಷಣವು ಬಿದ್ದಿತು, ಕರ್ನಾಟಕದಲ್ಲಿ ಮನೆಯ ಅರ್ಥಕ್ಕೇ ಬಿದ್ದಿತು. ಯಾವುದಕ್ಕೆ ಬಿದ್ದಿತೆಂಬುದರಿಂದ ಯಾವುದು ಮೇಲುಗೈ ಪಡೆಯಿತೆಂಬುದನ್ನು ಅರಿಯಬಹುದು.

ಅಪ್ಸೆಣಬನ್ನು ಈಗ ಬೆಳೆಯುವುದು ಮುಖ್ಯವಾಗಿ ಹಸುರೆಲೆ ಗೊಬ್ಬರಕ್ಕಾಗಿ. ಹೂ ಬಿಡುವ ವೇಳೆಗೆ ಅದನ್ನು ನೆಲಕ್ಕೇ ಉತ್ತುಬಿಡುವುದರಿಂದ ಕಾಂಡವು ಬಲಿತು ಕೆರೆಯ ನೀರಿನಲ್ಲಿ ಕೊಳೆತು ನಾರಾಗುವ ಹಂತವೇ ಬರುವುದಿಲ್ಲ. ಆಹಾರಧಾನ್ಯ ಸಕ್ಕರೆಗಳನ್ನು ಸೆಣಬಿನ ಚೀಲದಲ್ಲಿಯೇ ತುಂಬಬೇಕೆಂದು 1987ರಲ್ಲಿ ಕೇಂದ್ರದ ಕಾಯಿದೆಯಾಯಿತು. ಅದರ ಪ್ರಯೋಜನವೂ ಬಂಗಾಳದ ಪಾಟಿಗೇ. ಬೆಂಗಳೂರಿನ ಪಶ್ಚಿಮದ ರಾಗಿಯ ಹೊಲಗಳು ನಾಗರಭಾವಿ, ಅನ್ನಪೂರ್ಣೇಶ್ವರಿ ನಗರ ಮುಂತಾದ ಬಡಾವಣೆಗಳಾಗಿ ಮನೆಗಳಿಂದ ತುಂಬಿವೆ. ಅನ್ನದ ಅಧಿದೇವತೆಯ ಹೆಸರನ್ನು ಹೊತ್ತ ನಗರದಲ್ಲಿಯೂ ಅಕ್ಕಿಯು ಅಂಗಡಿಗೆ ಬರುವುದು ಬಹುವಾಗಿ ಪ್ಲಾಸ್ಟಿಕ್ ಚೀಲದಲ್ಲಿ. ಕರಾವಳಿ ಮಲೆನಾಡುಗಳ ಆಡುಮಾತಿನಲ್ಲಿ ಅದಕ್ಕೂ ‘ಪ್ಲಾಸ್ಟಿಕ್ ಗೋಣಿ’ ಎಂದೇ ಹೆಸರು. ಬಟ್ಟೆಯ ಅರ್ಥವು ಕಳಚಿಬಿದ್ದು, ಪಾಣಿನಿಯ ಕಾಲದ ಚೀಲದ ಅರ್ಥವೇ ಮತ್ತೆ ಉಳಿದಿದೆ.